ಶೀತಲಗೃಹದ ತಾಪನಿಯಂತ್ರಕ: ಸಂಪರ್ಕಭಂಗ

ಶೀತಲಗೃಹದ ಒಳಗಣ ಉಷ್ಣತೆಯನ್ನು ಅಳೆದು ಕಂಪ್ರೆಸರಿಗೆ ಆಜ್ಞೆಯನ್ನೀಯುವ ಸಾಧನವು ಆ ಯಂತ್ರದೊಡನೆ ಸಂಬಂಧ ಕಡಿದುಕೊಳ್ಳುವ ದೋಷ. ಶೀತದೇಶಗಳ ಮನೆಗಳಲ್ಲಿ ಬಾಯ್ಲರನ್ನು ನಡೆಸುವ ನಿಯಂತ್ರಕಕ್ಕೂ ಇದೇ ವ್ಯಾಧಿ ತಗಲುವುದುಂಟಾದರೂ ಹಾವೇರಿ ಜಿಲ್ಲೆಯಲ್ಲಿ ಇದರ ಪರಿಣಾಮ ಬೇರೆಯೇ ತೆರನಾದುದು. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬೆಲೆಯು ಖಾರಕ್ಕಿಂತ ಮಿಗಿಲಾಗಿ ಬಣ್ಣದಲ್ಲಿರುವುದರಿಂದಲೂ, ಆ ಬಣ್ಣವು ಬೇಸಗೆಯ ಸೆಕೆಗೆ ಮಾಸುವುದರಿಂದಲೂ, ಒಳ್ಳೆಯ ಧಾರಣೆಗಾಗಿ ಕಾದು ಚೀಲಗಳನ್ನಿರಿಸಿದ ರೈತನ ವರ್ಷದ ದುಡಿಮೆಯು ಒಂದೆಳೆ ತಂತಿಯನ್ನು ನಂಬಿ ನಿಂತಿರುತ್ತದೆ. ರಾಣೆಬೆನ್ನೂರಿನ ಬಿತ್ತನೆಬೀಜಕ್ಕೂ ತಂಪು ಅಷ್ಟೇ ಅವಶ್ಯ.

ಮೊಬೈಲಿನಲ್ಲಿ ಉಷ್ಣತೆಯ ಅಂಕಿ ಕಾಣದೆಹೋದ ಮಾತ್ರಕ್ಕೆ ಯಂತ್ರ ನಿಂತಿತೆಂದು ಭಾವಿಸಲಾಗದು. ಕಡಿದುದು ಅಂತರ್ಜಾಲ ಮಾತ್ರವಾಗಿರಬಹುದಾದ್ದರಿಂದ ಮೊದಲು ನಿಯಂತ್ರಕದ ಮುಖವನ್ನೇ ನೋಡತಕ್ಕದ್ದು. ಕರೆಂಟು ಹೋಗಿ ಬಂದ ತರುವಾಯ ಕಂಪ್ರೆಸರು ಕೆಲವು ನಿಮಿಷ ತಡೆದು ಹೊರಡುವುದು ರಕ್ಷಣೋಪಾಯವೇ ಹೊರತು ದೋಷವಲ್ಲ. ಬಳಿಕ ವಿದ್ಯುತ್ತನ್ನು ನಿಲ್ಲಿಸಿ, ಉಷ್ಣತೆಯನ್ನಳೆಯುವ ಸೆನ್ಸರಿನ ತಂತಿಗಳನ್ನು ಬಿಚ್ಚಿ ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು: ವಾಡಿಕೆಯ ಪ್ಲಾಟಿನಂ ಸೆನ್ಸರು 0 ಡಿಗ್ರಿ ಸೆಲ್ಸಿಯಸಿನಲ್ಲಿ 100 ಓಮ್, 5 ಡಿಗ್ರಿಯಲ್ಲಿ ಸುಮಾರು 102 ಓಮ್ ತೋರುವುದು, ಅಳತೆಯೇ ಸಿಗದಿದ್ದರೆ ತಂತಿ ತುಂಡಾಗಿದೆ, ಸೊನ್ನೆಗೆ ಇಳಿದಿದ್ದರೆ ಎಳೆಗಳು ಒಂದಕ್ಕೊಂದು ತಾಗಿವೆ. ಒಳಗಿನ ತಂಪೂ ಹೊರಗಿನ ಆರ್ದ್ರತೆಯೂ ಸಂಧಿಸುವ ಗೋಡೆಯ ರಂಧ್ರದಲ್ಲಿ ನೀರು ಹನಿಗಟ್ಟಿ, ತಾಮ್ರದ ತುದಿ ಹಸಿರುಗಟ್ಟಿರುವುದನ್ನು ಅಲ್ಲಿ ಅವಶ್ಯ ಹುಡುಕಬೇಕು. ಸೆನ್ಸರು ಸರಿಯಿದ್ದು, ನಿಯಂತ್ರಕದೊಳಗಿನ ರಿಲೇ ಟಕ್ಕೆಂದರೂ ಕಂಪ್ರೆಸರು ಏಳದಿದ್ದಲ್ಲಿ ಶೋಧನೆಯು ಕಂಪ್ರೆಸರಿಗೆ ವಿದ್ಯುತ್ತನ್ನು ಹಾಯಿಸುವ ಕಾಂಟ್ಯಾಕ್ಟರಿನ ಕಡೆಗೆ ಹೊರಳುವುದು. ಅದು ಎಲೆಕ್ಟ್ರಿಷಿಯನ್ನನ ಕೆಲಸ. ಅವನು ಬರುವವರೆಗೆ ಬಾಗಿಲನ್ನು ತೆರೆಯದಿರುವುದೇ ಚೀಲಗಳಿಗೆ ಕ್ಷೇಮ.