ಪಿತ್ತನಾಳದ ಕ್ಯಾನ್ಸರೂ ಪ್ರತಿರಕ್ಷಾ ಚಿಕಿತ್ಸೆಯ ಪ್ರಯೋಗಗಳೂ

ಪಿತ್ತನಾಳದ ಕ್ಯಾನ್ಸರು ಬಹುಮಟ್ಟಿಗೆ ತಡವಾಗಿ ಬೆಳಕಿಗೆ ಬರುವ ವ್ಯಾಧಿ. ಕಾಮಾಲೆ ತಲೆದೋರುವ ವೇಳೆಗೆ ಅನೇಕರಿಗೆ ಶಸ್ತ್ರಕ್ರಿಯೆಯ ಕಾಲ ಮೀರಿರುತ್ತದೆ. ಅಂಥ ರೋಗಿಯನ್ನು ಪ್ರತಿರಕ್ಷಾ ಚಿಕಿತ್ಸೆಯ ಪ್ರಯೋಗವೊಂದಕ್ಕೆ ಸೇರಿಸುವುದು ಯುಕ್ತವೇ ಎಂದು ಪತಿಯೋ ಪತ್ನಿಯೋ ಆಲೋಚಿಸುವಾಗ, ಚರಿತ್ರೆ ಒದಗಿಸುವ ಆಧಾರಗಳೇನೆಂಬುದನ್ನು ಇಲ್ಲಿ ಪರಾಮರ್ಶಿಸುತ್ತೇವೆ.

ಶರೀರದ ರಕ್ಷಣಾಶಕ್ತಿಯನ್ನೇ ಗಂತಿಯ ಮೇಲೆ ಎಬ್ಬಿಸಬಹುದೆಂಬ ಆಸೆ ಹಳೆಯದು. ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ 1891ರಲ್ಲಿಯೇ ರೋಗಿಗೆ ಜೀವಾಣುಗಳನ್ನು ಚುಚ್ಚಿ ಅದನ್ನು ಪರೀಕ್ಷಿಸಿದನು. ಪಿತ್ತನಾಳದ ಮಟ್ಟಿಗೆ ಮೊದಲು ನೆಲೆಗೊಂಡುದು ರಾಸಾಯನಿಕ ಔಷಧಿಗಳೇ. 410 ರೋಗಿಗಳನ್ನೊಳಗೊಂಡು 2010ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗದಲ್ಲಿ, ಜೆಮ್‌ಸೈಟಬೀನ್ ಒಂದನ್ನೇ ಪಡೆದವರ ಮಧ್ಯಾಂಕ ಆಯುಸ್ಸು 8.1 ತಿಂಗಳು, ಸಿಸ್‌ಪ್ಲಾಟಿನನ್ನೂ ಪಡೆದವರದು 11.7 ತಿಂಗಳು.

2014ರಲ್ಲಿ ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸ್ಟೀವನ್ ರೋಸೆನ್‌ಬರ್ಗರ ತಂಡವು ಇದೇ ರೋಗದ ಒಬ್ಬ ಸ್ತ್ರೀಯ ವೃತ್ತಾಂತವನ್ನು ಪ್ರಕಟಿಸಿತು. ಆಕೆಯ ಗಂತಿಯೊಳಗಿದ್ದ ರಕ್ಷಕ ಕಣಗಳನ್ನು ಹೊರತೆಗೆದು, ಬೆಳೆಸಿ, ಮರಳಿ ಆಕೆಗೇ ಕೊಡಲಾಗಿತ್ತು. ಗಂತಿಗಳು ಕುಗ್ಗಿ ಕೆಲಕಾಲದ ಮೇಲೆ ಮತ್ತೆ ಬೆಳೆದವು. ಗಂತಿಯ ವಿಕೃತಿಯನ್ನು ಗುರುತಿಸಬಲ್ಲ ಕಣಗಳೇ ಬಹುಪಾಲು ಇರುವಂತೆ ಎರಡನೆಯ ಸಲ ಕೊಟ್ಟಾಗ ಪುನಃ ಕುಗ್ಗಿದವು. ಇಂಥದನ್ನು ಓದಿದೊಡನೆ ನಮ್ಮವರಿಗೂ ಹೀಗೆಯೇ ಆದೀತೆಂದು ಮನೆಯವರು ಹಿಗ್ಗುವುದು ಸಹಜ. ಆದರೆ ಒಬ್ಬರ ವೃತ್ತಾಂತದಿಂದ ಸಾಧ್ಯತೆ ತಿಳಿಯುತ್ತದೆಯೇ ಹೊರತು ನೂರರಲ್ಲಿ ಎಷ್ಟು ಜನಕ್ಕೆ ಎಂಬುದು ತಿಳಿಯದು.

ಅದನ್ನು ತಿಳಿಸಿದ್ದು 2022ರಲ್ಲಿ ಪ್ರಕಟವಾದ ಟೋಪಾಜ್-1 ಪ್ರಯೋಗ. ಅದರ 685 ರೋಗಿಗಳಿಗೆ ಮೇಲಿನ ಎರಡು ಔಷಧಿಗಳೊಡನೆ, ಸುಮಾರು ಅರ್ಧದಷ್ಟು ಮಂದಿಗೆ ಡುರ್ವಾಲುಮಾಬ್, ಉಳಿದವರಿಗೆ ಹುಸಿಮದ್ದು ಎಂದು ಗೊತ್ತುಮಾಡಲಾಗಿತ್ತು. ಪ್ರಯೋಗವೆಂದರೆ ಬರಿಯ ಹುಸಿಮದ್ದೇ ಗತಿಯಾದೀತೆಂದು ಅಂಜುವವರು ಇದನ್ನು ಗಮನಿಸಬೇಕು. ಮಧ್ಯಾಂಕ ಆಯುಸ್ಸಿನ ಅಂತರ ಅಲ್ಪ: 11.5 ತಿಂಗಳಿಗೆ ಪ್ರತಿಯಾಗಿ 12.8. ಎರಡು ವರ್ಷದ ಬಳಿಕ ಬದುಕಿರುವವರ ಅಂದಾಜಾದರೋ ನೂರಕ್ಕೆ 10.4ಕ್ಕೆ ಪ್ರತಿಯಾಗಿ 24.9. ನಮ್ಮ ಅಭಿಪ್ರಾಯದಲ್ಲಿ ದಂಪತಿಗಳು ಹೆಚ್ಚು ಹೊತ್ತು ನೋಡಬೇಕಾದುದು ಈ ಎರಡನೆಯ ಲೆಕ್ಕವನ್ನೇ, ನಾಲ್ಕರಲ್ಲಿ ಮೂವರಿಗೆ ಆ ಭಾಗ್ಯವಿಲ್ಲವೆಂಬುದನ್ನು ಮರೆಯದೆ. 1069 ರೋಗಿಗಳಲ್ಲಿ ಪೆಂಬ್ರೊಲಿಜುಮಾಬನ್ನು ಪರೀಕ್ಷಿಸಿದ 2023ರ ಪ್ರಯೋಗದಲ್ಲಿಯೂ 10.9 ತಿಂಗಳು 12.7ಕ್ಕೆ ಏರಿತಷ್ಟೆ.

ಈ ಎರಡಕ್ಕೂ ಅಮೆರಿಕದಲ್ಲಿ ಕ್ರಮವಾಗಿ 2022, 2023ರಲ್ಲಿ ಮಂಜೂರಾತಿ ದೊರೆತಿದೆ. ಹೀಗಿರಲಾಗಿ, ಹೊಸ ಪ್ರಯೋಗಕ್ಕೆ ಕರೆ ಬಂದಾಗ ಮೊದಲು ಕೇಳಬೇಕಾದುದು ಹೋಲಿಕೆಯ ಗುಂಪಿನವರಿಗೆ ಇವುಗಳಲ್ಲೊಂದು ಉಂಟೇ ಎಂಬುದು. ಇನ್ನು ಸಮ್ಮತಿಪತ್ರಕ್ಕೆ ಸಹಿ ಹಾಕಬೇಕಾದವರು, ತಿಳಿವಳಿಕೆ ನೆಟ್ಟಗಿರುವವರೆಗೆ, ರೋಗಿಯೇ, ಕೈಹಿಡಿದವರಲ್ಲ. ಕೊಟ್ಟ ಸಮ್ಮತಿಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳುವ ಸ್ವಾತಂತ್ರ್ಯವನ್ನು 1964ರ ಹೆಲ್ಸಿಂಕಿ ಘೋಷಣೆಯೇ ಹೇಳಿದೆ.