ಯೋಧರನ್ನು ಕೊಂದದ್ದು ಬಿರುಗಾಳಿ ಮಾತ್ರವೇ?

ಯುದ್ಧದಲ್ಲಿ ಮಡಿದವರ ಹೆಸರನ್ನು ನಾವು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಯುದ್ಧದಿಂದ ಜೀವಂತ ಮರಳಿ, ಆಮೇಲೆ ತಲೆಯ ಮೇಲೊಂದು ಸೂರಿಲ್ಲದೆ ಸತ್ತವರ ಲೆಕ್ಕ ಕೇಳುವುದು ಕಡಿಮೆ. ಅಮೆರಿಕದಲ್ಲಿ 1935ರಲ್ಲಿ ನಡೆದ ದುರಂತವೊಂದು ಅಂತಹ ಲೆಕ್ಕವನ್ನು ನಮ್ಮ ಮುಂದಿಡುತ್ತದೆ.

ಮೊದಲ ಮಹಾಯುದ್ಧದಲ್ಲಿ ಹೋರಾಡಿದವರಿಗೆ ಅಲ್ಲಿನ ಸಂಸತ್ತು 1924ರಲ್ಲಿ ಬೋನಸ್ ಮಂಜೂರು ಮಾಡಿತು. ಆದರೆ ಹಣ ಕೈಸೇರುವುದು 1945ರಲ್ಲಿ! ನಡುವೆ ಮಹಾ ಆರ್ಥಿಕ ಕುಸಿತ ಬಂತು. ಕೆಲಸವನ್ನೂ ಮನೆಯನ್ನೂ ಕಳೆದುಕೊಂಡ ಸಾವಿರಾರು ಮಾಜಿ ಸೈನಿಕರು 1932ರಲ್ಲಿ ವಾಷಿಂಗ್ಟನ್ನಿಗೆ ಬಂದು, ಅನಕೋಸ್ಟಿಯಾ ಬಯಲಿನಲ್ಲಿ ತಗಡು, ರಟ್ಟುಗಳ ಗುಡಿಸಲು ಕಟ್ಟಿಕೊಂಡು ಕುಳಿತರು. ಜುಲೈ 28ರಂದು ಪೊಲೀಸರ ಗುಂಡೇಟಿಗೆ ವಿಲಿಯಂ ಹುಷ್ಕಾ, ಎರಿಕ್ ಕಾರ್ಲ್‌ಸನ್ ಎಂಬಿಬ್ಬರು ಬಲಿಯಾದರು. ಉಳಿದವರನ್ನು ಓಡಿಸಿದ್ದು ಜನರಲ್ ಮೆಕಾರ್ಥರ್ ನೇತೃತ್ವದ ಸೈನ್ಯ, ಅಂದರೆ ಅವರದೇ ಹಳೆಯ ಸೈನ್ಯ.

ಬಳಿಕ ಬಂದ ಅಧ್ಯಕ್ಷ ರೂಸ್‌ವೆಲ್ಟ್ ಬೋನಸ್ ಕೊಡಲಿಲ್ಲ, ಕೆಲಸ ಕೊಟ್ಟರು. ಫ್ಲೋರಿಡಾದ ತುದಿಯ ಕೀಸ್ ದ್ವೀಪಗಳಲ್ಲಿ ಹೆದ್ದಾರಿ ಕಟ್ಟಲು ನೂರಾರು ಮಾಜಿ ಸೈನಿಕರನ್ನು ಕಳುಹಿಸಲಾಯಿತು. ಸಮುದ್ರಮಟ್ಟಕ್ಕಿಂತ ಕೆಲವೇ ಅಡಿ ಎತ್ತರದ ನೆಲ, ವಾಸಕ್ಕೆ ಡೇರೆ ಮತ್ತು ಹಗುರ ಮರದ ಶೆಡ್ಡುಗಳು. ಬಿರುಗಾಳಿಯ ತಿಂಗಳುಗಳಲ್ಲಿ ಅಲ್ಲಿ ಜನರನ್ನು ಹಾಗೆ ಇಡಬಾರದೆಂದು ತಿಳಿಯಲು ತಜ್ಞರು ಬೇಕಿರಲಿಲ್ಲ.

1935ರ ಸೆಪ್ಟೆಂಬರ್ 2, ಕಾರ್ಮಿಕ ದಿನದ ರಜೆ. ಹವಾಮಾನ ಇಲಾಖೆಯ ಎಚ್ಚರಿಕೆ ಹಿಂದಿನ ದಿನವೇ ಬಂದಿತ್ತು. ಆದರೂ ಅವರನ್ನು ಕರೆತರಬೇಕಾದ ರೈಲು ಮಿಯಾಮಿ ಬಿಟ್ಟದ್ದು ಸಂಜೆ ನಾಲ್ಕು ದಾಟಿದ ಮೇಲೆ. ದೋಣಿಗಳಿಗಾಗಿ ಸೇತುವೆ ಎತ್ತಿದ್ದರಿಂದ ತಡ, ಇಂಜಿನ್ ತಿರುಗಿಸಲು ತಡ, ದಾರಿಯಲ್ಲಿ ಉಕ್ಕಿನ ಹಗ್ಗ ಸಿಕ್ಕಿಕೊಂಡು ಮತ್ತೆ ತಡ. ರಾತ್ರಿ ಎಂಟರ ನಂತರ ಇಸ್ಲಾಮೊರಾಡಾ ತಲುಪಿದಾಗ, ಸುಮಾರು 18 ಅಡಿಯ ಅಲೆ ಬೋಗಿಗಳನ್ನು ಹಳಿಯಿಂದ ಉರುಳಿಸಿತು. ಇಂಜಿನ್ ಮಾತ್ರ ಉಳಿಯಿತು. ಸತ್ತ ನಾನೂರಕ್ಕೂ ಹೆಚ್ಚು ಜನರಲ್ಲಿ ಸುಮಾರು 260 ಮಂದಿ ಮಾಜಿ ಸೈನಿಕರು. ಕೆಲವರು ಮುಳುಗಿದರು, ಕೆಲವರನ್ನು ಹಾರಿಬಂದ ಮರಮುಟ್ಟು ಕೊಂದಿತು. ರೋಗದ ಭಯದಿಂದ ಬಹಳಷ್ಟು ಶವಗಳನ್ನು ಅಲ್ಲೇ ಸುಟ್ಟರು.

ಸರಕಾರದ ತನಿಖೆ ವಾರದೊಳಗೆ ಮುಗಿಯಿತು. ಇದು ದೈವಕೃತ್ಯ ಎಂಬುದು ತೀರ್ಪು. ಬಿರುಗಾಳಿಯ ಮಟ್ಟಿಗೆ ಅದು ಸರಿಯೆನ್ನೋಣ. ರೈಲಿಗೆ ತಡವಾಗಿ ಹೇಳಿಕಳುಹಿಸಿದ್ದು ದೇವರೇ? ಪಕ್ಕದ ಕೀ ವೆಸ್ಟ್‌ನಲ್ಲಿದ್ದ ಲೇಖಕ ಹೆಮಿಂಗ್ವೇ ಆ ಶವಗಳನ್ನು ಕಣ್ಣಾರೆ ಕಂಡವರು. ಇವರನ್ನು ಅಲ್ಲಿಗೆ ಕಳುಹಿಸಿದ್ದು ಯಾರು, ಕೊಂದದ್ದು ಯಾರು ಎಂದು ಅದೇ ತಿಂಗಳು ಪತ್ರಿಕೆಯಲ್ಲಿ ಬರೆದರು.

ನಾಲ್ಕು ತಿಂಗಳ ಬಳಿಕ, 1936ರ ಜನವರಿಯಲ್ಲಿ, ರೂಸ್‌ವೆಲ್ಟ್ ನಿರಾಕರಣೆಯನ್ನು ಬದಿಗಿಟ್ಟು ಸಂಸತ್ತು ಆ ಬೋನಸನ್ನು ಒಂಬತ್ತು ವರ್ಷ ಮೊದಲೇ ಕೊಡಲು ಒಪ್ಪಿತು.