ನೆಲದಡಿ ಹರಿದ ಬೀದರಿನ ನೀರು

ಬೀದರ್ ಪಟ್ಟಣದ ಹೊರವಲಯದ ನೌಬಾದಿನಲ್ಲಿ ಬಾವಿಗಳ ಸಾಲೊಂದಿದೆ. ನೀರು ಸೇದುವುದಕ್ಕಷ್ಟೇ ಆಗಿದ್ದರೆ ಇಷ್ಟು ಹತ್ತಿರ ಹತ್ತಿರ, ಒಂದರ ಹಿಂದೆ ಒಂದರಂತೆ ಯಾರೂ ಬಾವಿ ತೋಡುತ್ತಿರಲಿಲ್ಲ. ಇವುಗಳ ತಳದಲ್ಲಿ ಒಂದನ್ನೊಂದು ಕೂಡಿಸುವ ಸುರಂಗವಿದೆ. ಆರು ಶತಮಾನಗಳ ಹಿಂದೆ, ಬಹಮನಿ ಸುಲ್ತಾನರ ಕಾಲದಲ್ಲಿ ಕೊರೆದ ಜಲಮಾರ್ಗವಿದು. ಪರ್ಷಿಯನ್ ಭಾಷೆಯಲ್ಲಿ ಇದರ ಹೆಸರು ಕರೇಜ್. ಸ್ಥಳೀಯರಿಗೆ ಇದು ಸುರಂಗ ಬಾವಿ.

1422ರಲ್ಲಿ ಪಟ್ಟವೇರಿದ ಅಹ್ಮದ್ ಷಾ ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ಸ್ಥಳಾಂತರಿಸಿದ. ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿರುವ ಈ ಊರು ರಕ್ಷಣೆಗೆ ಹೇಳಿಮಾಡಿಸಿದಂತಿತ್ತು. ಆದರೆ ಮಾಂಜ್ರಾ ನದಿ ಹರಿಯುವುದು ದೂರದ ತಗ್ಗಿನಲ್ಲಿ. ಕೋಟೆಯ ಸೈನ್ಯಕ್ಕೂ ಬೆಳೆಯುತ್ತಿದ್ದ ಪೇಟೆಗೂ ನೀರು ಎಲ್ಲಿಂದ ತರುವುದು?

ಉತ್ತರ ನೆಲದೊಳಗೇ ಇತ್ತು. ಬೀದರಿನ ಮೇಲ್ಪದರ ಕರಾವಳಿ, ಮಲೆನಾಡಿನವರಿಗೂ ಪರಿಚಿತವಾದ ಜಂಬಿಟ್ಟಿಗೆ ಕಲ್ಲು. ತೂತು ತೂತಾದ ಈ ಕಲ್ಲು ಮಳೆನೀರನ್ನು ಹೀರಿಕೊಳ್ಳುತ್ತದೆ. ಅದರ ಕೆಳಗಿರುವುದು ಗಟ್ಟಿಯಾದ ಕಪ್ಪು ಶಿಲೆ. ಹೀರಿದ ನೀರು ಅಲ್ಲಿ ತಡೆದು ನಿಲ್ಲುತ್ತದೆ, ಸಂದು ಸಿಕ್ಕಲ್ಲಿ ಝರಿಯಾಗಿ ಹೊರಬರುತ್ತದೆ. ಗುರುನಾನಕ್ ಝೀರಾದಲ್ಲಿ ಭಕ್ತರು ತೀರ್ಥವೆಂದು ಸ್ವೀಕರಿಸುವುದು ಇಂಥ ಝರಿಯ ನೀರನ್ನೇ.

ಆ ನೀರನ್ನು ಹಿಡಿದು ತರುವ ವಿದ್ಯೆ ಪರ್ಷಿಯದ್ದು. ಅಹ್ಮದ್ ಷಾ ಆ ನಾಡಿನ ಪಂಡಿತರನ್ನೂ ಸಂತರನ್ನೂ ಗೌರವದಿಂದ ಬರಮಾಡಿಕೊಂಡವನು. ಕಿರ್ಮಾನಿನ ಸೂಫಿ ಸಂತ ಷಾ ನಿಯಾಮತುಲ್ಲಾ ಅವರ ಮೊಮ್ಮಗ ನೂರುಲ್ಲಾ ಬೀದರಿಗೆ ಬಂದದ್ದು ಅವನ ಕಾಲದಲ್ಲೇ. ಕಿರ್ಮಾನ್ ಸೀಮೆ ಕರೇಜ್‌ಗಳ ತವರು.

ಕರೇಜ್‌ನ ವಿಧಾನ ಸರಳ, ಕೆಲಸ ಕಠಿಣ. ಎತ್ತರದ ಜಾಗದಲ್ಲಿ ಅಂತರ್ಜಲ ಸಿಗುವವರೆಗೆ ತಾಯಿಬಾವಿ ತೋಡಬೇಕು. ಅಲ್ಲಿಂದ ತಗ್ಗಿನ ಕಡೆಗೆ ಅತಿ ಕಡಿಮೆ ಇಳಿಜಾರಿನ ಸುರಂಗ ಸಾಗಬೇಕು. ಇಳಿಜಾರು ಹೆಚ್ಚಾದರೆ ನೀರು ನೆಲವನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ನಡುನಡುವೆ ತೋಡಿದ ಬಾವಿಗಳ ಮೂಲಕ ಮಣ್ಣು ಮೇಲಕ್ಕೆ ಬರುತ್ತಿತ್ತು, ಅಗೆಯುವವರಿಗೆ ಗಾಳಿ ಸಿಗುತ್ತಿತ್ತು. ಮುಂದೆ ಹೂಳು ತೆಗೆಯಲು ಇಳಿಯುವುದಕ್ಕೂ ಅವೇ ದಾರಿ. ಒಮ್ಮೆ ಮುಗಿದರೆ ರಾಟೆ ಬೇಡ, ಎತ್ತು ಬೇಡ. ನೀರು ತಾನಾಗಿ ಹರಿದು ಬರುತ್ತದೆ.

ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದವಿದೆ. ಅದರ ಮೇಲಿನ ಬಾವಿಗಳು ಇಪ್ಪತ್ತಕ್ಕೂ ಹೆಚ್ಚು. ಶುಕ್ಲತೀರ್ಥದ್ದು ಎರಡನೆಯದು. ಹಳೆಯ ಪಟ್ಟಣದೊಳಗಿನ ಮೂರನೆಯದಕ್ಕೆ ಜಮ್ನಾ ಮೋರಿ ಎಂದು ಹೆಸರು. ಮೋರಿ ಎಂದರೆ ಇಂದು ಕೊಳೆನೀರಿನ ನೆನಪು. ಈ ಮೋರಿ ಹೊತ್ತದ್ದು ಜನರ ಬಳಕೆಯ ನೀರನ್ನು.

ಕಾಲಕ್ರಮದಲ್ಲಿ ಹೆಸರಿನ ಅರ್ಥವೇ ಗೆದ್ದಿತು. ಕೊಳವೆ ನೀರು ಬಂತು, ಬಡಾವಣೆಗಳು ಬೆಳೆದವು. ಕೆಳಗೆ ಏನಿದೆ ಎಂದು ತಿಳಿಯದವರಿಗೆ ಬಾವಿಗಳು ಕಸ ಸುರಿಯುವ ಗುಂಡಿಗಳಾದವು. ಕೆಲವು ಮುಚ್ಚಿಯೇ ಹೋದವು. ಸಾಲಿನ ಒಂದು ಬಾವಿ ತುಂಬಿದರೆ ಅದೊಂದೇ ಕೆಡುವುದಿಲ್ಲ, ಅದರಾಚೆಯ ಹರಿವಿಗೂ ತಡೆ ಬೀಳುತ್ತದೆ.

2010ರ ದಶಕದಲ್ಲಿ ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಈ ಸುರಂಗಗಳ ಜಾಡು ಹಿಡಿದರು. ಬೀದರಿನ ಟೀಮ್ ಯುವಾ ಸಂಘಟನೆಯ ಯುವಕರು ಜೊತೆಗೂಡಿದರು. ನೆಲದ ಮೇಲಿನ ಬಾವಿಗಳನ್ನು ನಕ್ಷೆಗೆ ತಂದು, ಕೆಳಗಿಳಿದು ದಾರಿ ಹುಡುಕಲಾಯಿತು. ಜಿಲ್ಲಾಡಳಿತ ನೌಬಾದಿನಲ್ಲಿ ಹೂಳೆತ್ತಿಸಿತು. ಬರಗಾಲದ ಆ ದಿನಗಳಲ್ಲೂ ಸುರಂಗದೊಳಗೆ ನೀರು ಕಾಣಿಸಿಕೊಂಡಿತು.

ಇರಾನಿನ 11 ಕರೇಜ್‌ಗಳು 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಮಧ್ಯಪ್ರದೇಶದ ಬುರ್ಹಾನ್‌ಪುರದಲ್ಲಿ ಮೊಗಲರ ಕಾಲದ ಇಂಥದೇ ವ್ಯವಸ್ಥೆ, ಕುಂಡಿ ಭಂಡಾರ, ಇದೆ. ನಮ್ಮ ಕಾಸರಗೋಡು ಸೀಮೆಯ ರೈತರು ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಸುರಂಗಗಳೂ ಈ ಬಳಗದವೇ. ಅವು ಒಂದೊಂದು ಮನೆಯ, ತೋಟದ ಆಸ್ತಿ. ಆದ್ದರಿಂದ ನೋಡಿಕೊಳ್ಳುವವರು ಇರುತ್ತಾರೆ.

ಬೀದರಿನದು ಇಡೀ ಊರಿನದು. ಹೂಳೆತ್ತಿದ ಸುರಂಗ ಮತ್ತೆ ತುಂಬದಿರಬೇಕಾದರೆ ಮೇಲೆ ಪಾಯ ತೆಗೆಯುವವರಿಗೆ, ಕಸದ ಬುಟ್ಟಿ ಹಿಡಿದು ಬರುವವರಿಗೆ ಕೆಳಗಿನ ದಾರಿ ಗೊತ್ತಿರಬೇಕು. ಆ ಬಾವಿಗಳನ್ನು ಕಾಯುವ ಮೊದಲ ಕಟ್ಟೆ ಈ ತಿಳಿವಳಿಕೆಯೇ.